ಮುರಿದ ಪೈನ್ ಮರದ ಚಿತ್ರ

"ಈ ಮರ ಮುರಿದಿದೆಯಲ್ಲ?" ಎಂದೆ.

ಜೂಲಿಯನ್ ಪ್ರೂಯಿಟ್ ಚಿತ್ರದ ಚೌಕಟ್ಟನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದ. ತಿರುಗಿ ಕೂಡ ನೋಡಲಿಲ್ಲ. "ಮರ ಅಂದ್ಮೇಲೆ ಮುರಿಯುತ್ತೆ, ಡಿಟೆಕ್ಟಿವ್ ಮೇಡಂ. ಅದಕ್ಕೂ ಕೇಸ್ ಹಾಕ್ತೀರಾ?"

"ಇದು ಭೂಶಿರದ ಮೇಲಿರೋ ಆ ದೊಡ್ಡ ಪೈನ್ ಮರ ತಾನೇ?"

"ಇರಬಹುದು. ನಾನು ಚಿತ್ರ ಮಾರೋನು. ಮರ ಎಣಿಸೋದು ಅರಣ್ಯ ಇಲಾಖೆ ಕೆಲಸ."

ಆ ಪೈನ್ ಮರ ಮುರಿದದ್ದು ಈ ಫೆಬ್ರವರಿಯ ಬಿರುಗಾಳಿಗೆ. ಸ್ಯಾಬಲ್ ಕೋವ್ ಊರಿಗೆ ಊರೇ ಅದರ ಸದ್ದು ಕೇಳಿತ್ತು. ಆದರೆ ಈ ಚಿತ್ರ ಬರೆದ ಥಿಯೋಡೋರಾ ಲಂಟ್ ಸಮುದ್ರದ ಪಾಲಾದದ್ದು ಅದಕ್ಕೂ ಮುಂಚಿನ ಅಕ್ಟೋಬರಿನಲ್ಲಿ!

ಅವತ್ತು ಅವಳ ದೋಣಿ ಅರ್ಧ ಮುಳುಗಿ, ಖಾಲಿಯಾಗಿ ತೇಲುತ್ತಿದ್ದದ್ದು ಸಿಕ್ಕಿತ್ತು. ದೋಣಿಯ ತಳದ ಬಿರಡೆ ಇರಲಿಲ್ಲ. ಬಿರಡೆಯ ತೂತಿನ ಸುತ್ತ ಇಕ್ಕಳದ ಗೀರುಗಳಿದ್ದವು. ಕೊಲೆ ಎನ್ನಲು ನನ್ನ ಹತ್ತಿರ ಇದ್ದ ಎಳೆ ಅದೊಂದೇ. ದೇಹ ಮಾತ್ರ ಇವತ್ತಿನವರೆಗೂ ದಡಕ್ಕೆ ಬಂದಿಲ್ಲ.

"ಈ ಚಿತ್ರ ನಿಮಗೆ ಎಲ್ಲಿ ಸಿಕ್ತು?"

"ಅವಳ ತಂಗಿ ವಿನ್ನಿ ಹತ್ರ. ಸೌದೆ ಕೋಣೇಲಿ ಸಿಕ್ತಂತೆ. ಥಿಯೋಡೋರಾ ಲಂಟ್ ಬರೆದ ಕಟ್ಟಕಡೆಯ ಚಿತ್ರ!" ಪ್ರೂಯಿಟ್ ಒಂದು ಹೆಜ್ಜೆ ಹಿಂದೆ ಸರಿದು, ತಾನೇ ಬರೆದವನಂತೆ ಹೆಮ್ಮೆಯಿಂದ ನೋಡಿದ. "ಮಧ್ಯಾಹ್ನ ಬೋಸ್ಟನ್‌ನಿಂದ ಕೊಳ್ಳೋರು ಬರ್ತಿದ್ದಾರೆ. ದಯವಿಟ್ಟು ಅವರ ಮುಂದೆ ಹೀಗೆ ಪೊಲೀಸ್ ಮುಖ ಮಾಡ್ಕೊಂಡು ನಿಲ್ಬೇಡಿ."

"ಪ್ರೂಯಿಟ್, ಈ ಮರ ಬಿದ್ದಿದ್ದು ಫೆಬ್ರವರೀಲಿ."

ಆಗ ತಿರುಗಿದ. ಅವನ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. ಮುಖದ ಮೇಲೆ ಏನೋ ಸುಳಿದು ಮಾಯವಾಯಿತು. ಭಯವೋ, ಲೆಕ್ಕಾಚಾರವೋ, ನನಗೆ ಗೊತ್ತಾಗಲಿಲ್ಲ.

"ಕಲಾವಿದರು ಕಲ್ಪನೆ ಮಾಡ್ಕೋತಾರೆ," ಎಂದ ನಿಧಾನವಾಗಿ.

"ಥಿಯಾ ಮಾಡ್ಕೊಳ್ಳಲ್ಲ."

ಅದನ್ನು ಊರಿನ ಯಾರನ್ನು ಕೇಳಿದರೂ ಹೇಳುತ್ತಿದ್ದರು.

ಥಿಯೋಡೋರಾ, ನಮಗೆಲ್ಲ ಥಿಯಾ, ಸಾರ್ಡೀನ್ ಮೀನಿನ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವಳ ಮಗಳು. ಮೊದಮೊದಲು ಅವಳು ಚಿತ್ರ ಬರೆದದ್ದು ಅದೇ ಕಾರ್ಖಾನೆಯ ರಟ್ಟಿನ ಪೆಟ್ಟಿಗೆಗಳ ಬೆನ್ನ ಮೇಲೆ. ಆಮೇಲೆ ನ್ಯೂಯಾರ್ಕಿಗೆ ಹೋದಳು. ಪತ್ರಿಕೆಗಳಲ್ಲಿ ಹೆಸರು ಬಂತು, ದೊಡ್ಡವರ ಮನೆ ಗೋಡೆಗಳಿಗೆ ಅವಳ ಚಿತ್ರಗಳು ಏರಿದವು. ಒಂದು ದಿನ ಎಲ್ಲ ಬಿಟ್ಟು ವಾಪಸ್ ಬಂದಳು. "ಅಲ್ಲಿ ಕಿಟಕಿ ತೆಗೆದ್ರೆ ಇನ್ನೊಬ್ಬರ ಕಿಟಕಿ ಕಾಣುತ್ತೆ ಕಣೇ" ಎಂದಿದ್ದಳು ನನಗೆ.

ಬಂದವಳು ಒಂದೇ ಬಂಡೆಯ ಮುಂದೆ ಚಳಿಗಾಲವೆಲ್ಲ ಕೂತು ಅದನ್ನೇ ಬರೆದಳು. ಬಣ್ಣವನ್ನೂ ಇಲ್ಲಿಂದಲೇ ಮಾಡಿಕೊಳ್ಳುತ್ತಿದ್ದಳು. ತುಕ್ಕು ಹಿಡಿದ ಬಂಡೆ ಅರೆದು ಕೆಂಪು, ಚಿಪ್ಪು ಸುಟ್ಟು ಬಿಳಿ. ಬೆರಳು ಮರಗಟ್ಟಿದರೆ ಕಂಕುಳಲ್ಲಿ ಬೆಚ್ಚಗೆ ಮಾಡಿಕೊಂಡು ಮತ್ತೆ ಶುರು. ಮನೆಯೊಳಗೆ ಕೂತು ಒಂದು ಗೆರೆಯನ್ನೂ ಎಳೆಯುತ್ತಿರಲಿಲ್ಲ. ಎದುರಿಗೆ ಇಲ್ಲದ್ದನ್ನು ಬರೆದರೆ ಅದು ಸುಳ್ಳು ಸಾಕ್ಷಿ ಅನ್ನುತ್ತಿದ್ದಳು.

ಅಂಥವಳ ಚಿತ್ರದಲ್ಲಿ ಇನ್ನೂ ಬೀಳದ ಮರ ಬಿದ್ದಿರಲು ಸಾಧ್ಯವೇ?

ಹಾಗಾದರೆ ಎರಡೇ ದಾರಿ. ಇದು ಯಾರೋ ಬರೆದ ನಕಲಿ. ಇಲ್ಲವೇ...

ಫೋನಿನಲ್ಲಿ ಚಿತ್ರದ ಫೋಟೋ ತೆಗೆದುಕೊಂಡು ಹೊರಗೆ ಓಡಿದೆ.

*

ಭೂಶಿರದ ಕಾಲುದಾರಿ ಹತ್ತುವಾಗ ಏದುಸಿರು ಬಂತು. ಬೇಲಿಯಾಚೆ ಬ್ಲೂಬೆರಿ ಕೀಳುವವರು ಬಗ್ಗಿದಲ್ಲಿಂದಲೇ ಕೈಬೀಸಿದರು. ನಾನು ಕೈಬೀಸದೆ ಮುಂದೆ ಹೋದೆ.

ಮರದ ಬುಡಕ್ಕೆ ಬಂದು ಫೋನು ಎತ್ತಿ ಹಿಡಿದೆ. ಹೊಂದಲಿಲ್ಲ.

ಎಡಕ್ಕೆ ಹೋದೆ, ಬಲಕ್ಕೆ ಬಂದೆ. ಊಹೂಂ. ನಾನು ನಿಂತಲ್ಲಿಂದ ಕಾಣುತ್ತಿದ್ದದ್ದು ತೊಗಟೆ ಮಾತ್ರ. ಮರ ಮುರಿದದ್ದು ಸಮುದ್ರದ ಕಡೆಗೆ. ಸೀಳಿ ಹೊರಬಂದ ತಿಳಿ ಬಣ್ಣದ ತಿರುಳು ಇರುವುದು ಆಚೆ ಮಗ್ಗುಲಲ್ಲಿ. ಥಿಯಾಳ ಚಿತ್ರದಲ್ಲಿ ಆ ತಿರುಳು ಗಾಯದ ಹಾಗೆ ಎದ್ದು ಕಾಣುತ್ತಿತ್ತು.

ಅಂದರೆ ಬರೆದವರು ನಿಂತದ್ದು ನೆಲದ ಮೇಲಲ್ಲ. ನೀರಿನ ಕಡೆ!

ತಿರುಗಿ ಸಮುದ್ರ ನೋಡಿದೆ. ದೂರದಲ್ಲಿ, ತೆರೆಗಳ ನಡುವೆ, ಶ್ಯಾಗ್ ದಿಬ್ಬ ಬೆನ್ನು ತೋರಿಸಿ ಮಲಗಿತ್ತು. ಹಕ್ಕಿಗಳು ಮೊಟ್ಟೆಯಿಡುವ ಬರೀ ಕಲ್ಲಿನ ನಡುಗಡ್ಡೆ. ಬೇಸಿಗೆಯಲ್ಲಿ ಅಲ್ಲಿಗೆ ಯಾರೂ ಹೋಗುವಂತಿಲ್ಲ. ಹಿಂದೆ ಹಕ್ಕಿ ಕಾಯುವವನೊಬ್ಬನಿದ್ದ. ಅವನ ಮರದ ಗುಡಿಸಲು ಈಗಲೂ ಅಲ್ಲೇ ಇದೆ.

ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ಮತ್ತೆ ನೋಡಿದೆ. ಬಂಡೆಯ ಬುಡದ ನೀರಿನಲ್ಲಿ ಕಂದು ಚುಕ್ಕಿಗಳು. ಬೆಳಗ್ಗೆ ಅವನ್ನು ನೊರೆ ಅಂದುಕೊಂಡಿದ್ದೆ. ಅಲ್ಲ. ತಾಯಿ ಈಡರ್ ಬಾತು, ಅದರ ಹಿಂದೆ ಮರಿಗಳ ಸಾಲು. ಇನ್ನೂ ತುಪ್ಪಳದ ಉಂಡೆಗಳಂತಿದ್ದ ಮರಿಗಳು.

ಈ ತೀರದಲ್ಲಿ ಈಡರ್ ಮರಿಗಳು ನೀರಿಗಿಳಿಯುವುದು ಜೂನ್ ತಿಂಗಳಲ್ಲಿ.

ಈಗ ಜುಲೈ. ಚಿತ್ರ ಬರೆದದ್ದು ಹೋದ ತಿಂಗಳು!

"ಥಿಯಾ!" ಎಂದು ನಾನು ಗಟ್ಟಿಯಾಗಿ ಕೂಗಿದೆನಂತೆ. ಬ್ಲೂಬೆರಿ ಕೀಳುತ್ತಿದ್ದವರು ಆಮೇಲೆ ಹೇಳಿದರು. ನನಗೆ ನೆನಪಿಲ್ಲ. ಆಗಲೇ ಇಳಿಜಾರಿನಲ್ಲಿ ಓಡುತ್ತಿದ್ದೆ.

*

ವಿನ್ನಿ ಲಂಟ್‌ಳ ಹೋಟೆಲು ಬಂದರಿನ ಕಟ್ಟೆಯ ಮೇಲೇ ಇದೆ. ಊಟದ ಹೊತ್ತು. ಮುಂದೆ ಮೀನುಗಾರರು ಚೌಡರ್ ಎಂಬ ಗಟ್ಟಿ ಮೀನುಸಾರಿನ ಬಟ್ಟಲಿಗೆ ಬಿಸ್ಕತ್ತು ಮುರಿದು ಹಾಕಿಕೊಳ್ಳುತ್ತಿದ್ದರು. ನಾನು ಸೀದಾ ಅಡುಗೆಮನೆಗೆ ನುಗ್ಗಿದೆ.

ವಿನ್ನಿ ಪೈ ಮಾಡಲು ಹಿಟ್ಟು ಲಟ್ಟಿಸುತ್ತಿದ್ದಳು. ನನ್ನ ಶಾಲೆಯ ಗೆಳತಿ ಅವಳು. ಅಕ್ಕ ಹೋದಂದಿನಿಂದ ಬರೀ ಕಪ್ಪು ಬಟ್ಟೆ. ಅದರ ಮೇಲೆಲ್ಲ ಹಿಟ್ಟು ಹಾರಿತ್ತು.

"ಮುಂದೆ ಜಾಗ ಇಲ್ವಾ? ಇಲ್ಲೇ ಕೂತ್ಕೋ. ಹ್ಯಾಡಕ್ ಮೀನಿನ ಚೌಡರ್ ಇದೆ, ಬಡಿಸ್ಲಾ?"

"ಆ ಚಿತ್ರ ಎಲ್ಲಿ ಸಿಕ್ತು ವಿನ್ನಿ?"

"ಸೌದೆ ಕೋಣೇಲಿ. ಪ್ರೂಯಿಟ್ ಹೇಳ್ಲಿಲ್ವಾ ಮಾರಾಯ್ತಿ?"

"ಸೌದೆ ಕೋಣೇಲಿ ಯಾವ ಜಾಗದಲ್ಲಿ?"

"ಸೌದೆ ಹಿಂದೆ."

"ಚಳಿಗಾಲವಿಡೀ ಸೌದೆ ಸುಟ್ಟಿದ್ದೀಯ. ಏಪ್ರಿಲ್‌ನಲ್ಲಿ ಆ ಕೋಣೇಲಿ ಒಂದು ಕಡ್ಡಿ ಇರ್ಲಿಲ್ಲ. ನಮ್ಮನೆಯಿಂದ ತಗೊಂಡು ಹೋದೆ. ಮರೆತ್ಯಾ?"

ಲಟ್ಟಣಿಗೆ ನಿಂತಿತು.

"ನೋಡು ಓಡೆಟ್, ನೀನು ಪೊಲೀಸು ಅಂತ ನನ್ನ ಅಡುಗೆಮನೇಲಿ ಬಂದು ದಬಾಯಿಸ್ಬೇಡ. ಗಿರಾಕಿಗಳು ಕಾಯ್ತಿದ್ದಾರೆ."

"ಕಾಯ್ಲಿ. ಚಿತ್ರದಲ್ಲಿ ಪೈನ್ ಮರ ಮುರಿದಿದೆ. ನೋಡ್ಲಿಲ್ವಾ?"

"ಮರನಾ?" ಅವಳು ನಿಜಕ್ಕೂ ಬೆಚ್ಚಿದಳು. "ಮರ ಯಾರು ನೋಡಿದ್ರು! ನಾನು ನೋಡಿದ್ದು ಅವಳ ಕೈನ."

ಹೇಳಿದ ಮೇಲೆ ತುಟಿ ಕಚ್ಚಿಕೊಂಡಳು. ತಡವಾಗಿತ್ತು.

"ಕೈ ಅಂದ್ರೆ?"

ವಿನ್ನಿ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಮುಕ್ಕಾಲಿಯ ಮೇಲೆ ಕುಸಿದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಎರಡೂ ಒಟ್ಟಿಗೆ ಬರುತ್ತಿದ್ದವು.

"ಹಿತ್ತಿಲ ಮೆಟ್ಟಿಲ ಮೇಲೆ ಇತ್ತು ಕಣೇ. ಹೋದ ತಿಂಗಳು. ಬಾಗಿಲು ತೆಗೆದೆ, ಮೇಣದ ಬಟ್ಟೇಲಿ ಸುತ್ತಿ ಇಟ್ಟಿತ್ತು. ಬಿಚ್ಚೋಕೆ ಮುಂಚೆನೇ ಗೊತ್ತಾಯ್ತು. ಆ ಬಣ್ಣದ ವಾಸನೆ ಇನ್ಯಾರದ್ದು? ಆದ್ರೆ ಗೀಟೆಲ್ಲ ತಿರುಗಾಮುರುಗಾ. ಅವಳು ಯಾವಾಗ್ಲೂ ಬಲಕ್ಕೆ ವಾಲಿಸಿ ಎಳೀತಾಳೆ. ಇದ್ರಲ್ಲಿ ಎಲ್ಲ ಎಡಕ್ಕೆ ವಾಲಿದೆ. ಅವಳ ಬಲಗೈಗೆ ಏನೋ ಆಗಿದೆ. ಎಡಗೈಲಿ ಬರೀತಿದ್ದಾಳೆ. ಈ ವಯಸ್ಸಲ್ಲಿ ಮೊದಲಿಂದ ಕಲಿತಿದ್ದಾಳೆ ನನ್ನಕ್ಕ!"

"ಅವಳು ಬದುಕಿದ್ದಾಳೆ ಅಂತ ಗೊತ್ತಿದ್ದೂ ನನಗೆ ಹೇಳ್ಲಿಲ್ಲ?"

"ಬದುಕಿರೋಳು ಮನೆಗೆ ಬಂದಿಲ್ಲ ಅಂದ್ರೆ ಯಾರಿಗೋ ಹೆದರಿದ್ದಾಳೆ ಅಂತ ಅರ್ಥ ಅಲ್ವಾ? ನಾನು ಹೇಗೆ ಊರಿಗೆಲ್ಲ ಸಾರಲಿ?"

"ಮತ್ತೆ ಪ್ರೂಯಿಟ್‌ಗೆ ಯಾಕೆ ಕೊಟ್ಟೆ?"

"ಕೊಟ್ಟೆನಾ? ಪೈ ತಿನ್ನೋಕೆ ಬಂದ, ಕಂಡ, ಎತ್ಕೊಂಡ. ಕೊಡಲ್ಲ ಅಂದಿದ್ರೆ ಎಲ್ಲಿಂದ ಬಂತು ಅಂತ ಕೊರೀತಿದ್ದ. ಬಾಯಿಗೆ ಬಂದಿದ್ದು ಸೌದೆ ಕೋಣೆ." ವಿನ್ನಿ ತಲೆಯೆತ್ತಿದಳು. "ಅವನಿಗೇನೂ ಗೊತ್ತಿಲ್ಲ ತಾನೇ?"

ಬೆಳಗ್ಗೆ ಅವನ ಕೈಯಲ್ಲಿ ನಿಂತುಹೋದ ಬಟ್ಟೆ ಕಣ್ಣ ಮುಂದೆ ಬಂತು. ಮುರಿದ ಮರವನ್ನು ಅವನಿಗೆ ತೋರಿಸಿಕೊಟ್ಟದ್ದು ನಾನೇ. ನನಗೆ ಹೊಳೆದದ್ದು ಅವನಿಗೆ ಹೊಳೆಯದೆ ಇರುತ್ತದೆಯೆ? ಸತ್ತ ಕಲಾವಿದೆಯ ಚಿತ್ರ ಮಾರಿ ಬಾಳುತ್ತಿರುವ ಮನುಷ್ಯ. ಅವಳು ಬದುಕಿ ಬಂದರೆ ಅವನ ಗತಿ?

"ಓಡೆಟ್," ವಿನ್ನಿ ಕಿಟಕಿಯ ಕಡೆ ನೋಡುತ್ತಿದ್ದಳು. ಅವಳ ದನಿ ಬದಲಾಗಿತ್ತು. "ಬೋಸ್ಟನ್ನವರು ಬರೋ ಹೊತ್ತಲ್ಲಿ ಪ್ರೂಯಿಟ್ ಎಲ್ಲಿಗೆ ಹೊರಟ?"

ಬಂದರಿನಿಂದ ಅವನ ಬಿಳಿ ಮೋಟಾರು ದೋಣಿ ನೊರೆ ಎಬ್ಬಿಸುತ್ತ ಹೊರಬೀಳುತ್ತಿತ್ತು. ಮೂತಿ ನೇರ ಶ್ಯಾಗ್ ದಿಬ್ಬದ ಕಡೆಗೆ.

*

"ಹಿಡ್ಕೋ!" ಎಂದು ಕಿರುಚಿ ವಿನ್ನಿ ತನ್ನ ಲಾಬ್‌ಸ್ಟರ್ ಹಿಡಿಯುವ ದೋಣಿಯನ್ನು ತಿರುಗಿಸಿದಳು. ಏಪ್ರನ್ ಕೂಡ ಬಿಚ್ಚಿರಲಿಲ್ಲ.

ಅವಳ ಅಪ್ಪನ ಕಾಲದ ದೋಣಿ ಅದು. ಅಲೆಗೆ ಎದೆ ಕೊಟ್ಟು ಧಡ್ ಧಡ್ ಎಂದು ಬಡಿಯುತ್ತ ಮುನ್ನುಗ್ಗಿತು. ನನ್ನ ಮುಖಕ್ಕೆ ಉಪ್ಪುನೀರು ರಾಚಿತು. ರೇಡಿಯೋದಲ್ಲಿ ಕರಾವಳಿ ಕಾವಲಿನವರನ್ನು ಕರೆದೆ. ಅವರ ದೋಣಿ ದಕ್ಷಿಣದಲ್ಲೆಲ್ಲೋ ಕೆಟ್ಟುನಿಂತ ಹಡಗಿನ ಹತ್ತಿರ ಇತ್ತು. ಬರುತ್ತೇವೆ ಅಂದರು, ಯಾವಾಗ ಅನ್ನಲಿಲ್ಲ.

"ಮಂಜು ಬರ್ತಿದೆ!" ವಿನ್ನಿ ಕೂಗಿದಳು. ದಿಗಂತದಿಂದ ಬೂದು ಗೋಡೆಯೊಂದು ನಮ್ಮ ಕಡೆಗೇ ಜಾರುತ್ತಿತ್ತು.

"ಅದಕ್ಕೆ ಮುಂಚೆ ಮುಟ್ತೀವಾ?"

"ಮುಟ್ಟದೇ ಇದ್ರೆ ಲಂಟ್ ಅನ್ನೋ ಹೆಸರೇ ಬಿಡ್ತೀನಿ!"

ಮುಟ್ಟಿದೆವು. ಪ್ರೂಯಿಟ್‌ನ ದೋಣಿ ಆಗಲೇ ಬಂಡೆಯ ಮೂಲೆಗೆ ಕಟ್ಟಿತ್ತು, ಖಾಲಿ. ನಮ್ಮದನ್ನು ಅದರ ಪಕ್ಕಕ್ಕೆ ಬಿಗಿದು ದಿಬ್ಬ ಹತ್ತಿದೆವು. ಗೂಡುಗಳಿಂದ ಎದ್ದ ರೀವ ಎಂಬ ಕಡಲಹಕ್ಕಿಗಳು ಕಿರುಚಿಕೊಂಡು ನೆತ್ತಿಗೆ ಎರಗಿದವು. ಒಂದರ ಕೊಕ್ಕು ನನ್ನ ಟೋಪಿ ಹಾರಿಸಿಬಿಟ್ಟಿತು. ಪಿಸ್ತೂಲು ತೆಗೆದು, ಇನ್ನೊಂದು ಕೈಯಲ್ಲಿ ತಲೆ ಮುಚ್ಚಿಕೊಂಡು ಓಡಿದೆ.

ಗುಡಿಸಲ ಮುಂದೆ ಚಿತ್ರ ಬರೆಯುವ ಮೂರುಗಾಲಿನ ಹಲಗೆ. ಅದರ ಮೇಲೆ ಅರ್ಧ ಬರೆದ ಸಮುದ್ರ, ಬಣ್ಣ ಇನ್ನೂ ಹಸಿ. ಪಕ್ಕದ ಬಂಡೆಯ ಮೇಲೆ ಜೂಲಿಯನ್ ಪ್ರೂಯಿಟ್ ಎರಡೂ ಕೈ ಮೇಲೆತ್ತಿ, ಬಿಳಿಚಿಕೊಂಡು ಕೂತಿದ್ದ.

ಅವನ ಎದುರಿಗೆ ಥಿಯೋಡೋರಾ ಲಂಟ್!

ನರೆತ ಜಡೆ, ಗಾಳಿಗೆ ಒಣಗಿದ ಮುಖ, ಮೈತುಂಬ ಬಣ್ಣದ ಕಲೆ. ಬಲಗೈ ಮೊಣಕೈವರೆಗೂ ಸೊಟ್ಟಗಾಗಿ ಎದೆಗೆ ಒತ್ತಿಕೊಂಡಿತ್ತು. ಎಡಗೈಯಲ್ಲಿ, ಹಡಗಿನವರು ಅಪಾಯದಲ್ಲಿ ಬೆಂಕಿಬಾಣ ಹಾರಿಸುವ ಅಗಲ ಬಾಯಿಯ ಪಿಸ್ತೂಲು.

"ಥಿಯಾ," ಎಂದು ಪಿಸ್ತೂಲು ಕೆಳಗಿಳಿಸಿದೆ. "ಥಿಯಾ, ನಾನು ಓಡೆಟ್. ಇನ್ನು ಹೆದರ್ಬೇಡ. ನಾನಿದ್ದೀನಿ."

"ಗೊತ್ತು," ಎಂದಳು. ಅದೇ ಒರಟು ದನಿ. "ಬಾತುಮರಿ ನೋಡಿದ್ರೆ ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತು."

ಆಮೇಲೆ ಪಿಸ್ತೂಲನ್ನು ಪ್ರೂಯಿಟ್ ಎದೆಯಿಂದ ಸರಿಸಿ ನನ್ನ ಕಡೆ ತಿರುಗಿಸಿದಳು. ನನ್ನ ಕಡೆಗಲ್ಲ, ನನ್ನ ಭುಜದಾಚೆಗೆ.

"ಅವಳಿಂದ ದೂರ ಸರಿ, ಓಡೆಟ್."

"ಯಾರಿಂದ?"

"ನನ್ನ ತಂಗಿಯಿಂದ. ದೋಣಿ ಬಿರಡೆ ಸಡಿಲ ಮಾಡಿದವಳು ಅವಳೇ."

ಹಕ್ಕಿಗಳ ಗದ್ದಲವೆಲ್ಲ ಒಮ್ಮೆಗೇ ದೂರವಾದಂತೆ ಅನ್ನಿಸಿತು. ತಿರುಗಿ ನೋಡಿದೆ. ವಿನ್ನಿ ನಿಂತಲ್ಲೇ ನಿಂತಿದ್ದಳು. ಕೆನ್ನೆಯ ಮೇಲೆ ಇನ್ನೂ ಹಿಟ್ಟು.

"ಅವತ್ತು ಬೆಳಗ್ಗೆ ಕಿಟಕಿಯಿಂದ ನಿನ್ನ ನೋಡಿದ್ದೆ, ವಿನ್ನಿ," ಥಿಯಾ ಹೇಳಿದಳು. "ದಡದ ಮೇಲೆ ದೋಣಿ ಪಕ್ಕ ಬಗ್ಗಿದ್ದೆ. ಕೈಯಲ್ಲಿ ಇಕ್ಕಳ. ರಿಪೇರಿ ಮಾಡ್ತಿದ್ದಾಳೆ, ಪಾಪ ಅಂದ್ಕೊಂಡೆ! ಇಲ್ಲಿಗೆ ಇನ್ನೇನು ಬಂದೆ ಅನ್ನೋವಾಗ ಕಾಲ ಕೆಳಗೆ ನೀರು ಉಕ್ಕಿತು. ದೋಣಿಗೂ ಬಂಡೆಗೂ ನಡುವೆ ಸಿಕ್ಕಿ ಈ ಕೈ ಹೀಗಾಯ್ತು. ಕೆನಡಾದ ಮೀನುಗಾರನೊಬ್ಬ ಎತ್ಕೊಂಡು ಹೋಗಿ ಬದುಕಿಸಿದ. ಚಳಿಗಾಲ ಅವನ ಮನೇಲಿ ಕಳೆದೆ. ವಸಂತ ಬಂದ ಮೇಲೆ ಅವನೇ ಇಲ್ಲಿಗೆ ತಂದುಬಿಟ್ಟ. ರೊಟ್ಟಿ ತಂದುಕೊಡೋನೂ ಅವನೇ. ಚಿತ್ರ ನಿನ್ನ ಮೆಟ್ಟಿಲ ಮೇಲಿಟ್ಟು ಬಂದವನೂ ಅವನೇ."

"ಯಾಕೆ ಇಡಿಸಿದೆ?" ವಿನ್ನಿಯ ಮಾತು ಪಿಸುಗುಟ್ಟಿದ ಹಾಗಿತ್ತು.

"ನೋಡಿ ಅಳ್ತೀಯೋ ಹೆದರ್ತೀಯೋ ತಿಳ್ಕೋಬೇಕಿತ್ತು. ನೀನು ಎರಡೂ ಮಾಡ್ಲಿಲ್ಲ. ಅಂಗಡಿಗೆ ಹಾಕಿದೆ ಅಂತ ಈಗ ಇವನ ಬಾಯಿಂದ ಕೇಳಿದೆ! ನನ್ನ ಎಡಗೈ ಬರೆದ ಮೊದಲನೇ ಚಿತ್ರ ಕಣೇ ಅದು!"

ಮಂಜಿನ ಮೊದಲ ಎಳೆಗಳು ದಿಬ್ಬದ ಮೇಲೆ ಹರಿದವು. ಗುಡಿಸಲು ಮಸುಕಾಯಿತು. ನಾನು ಇಬ್ಬರ ನಡುವೆ ಬಂದು ನಿಂತೆ. "ವಿನ್ನಿ, ಸುಳ್ಳು ಅನ್ನು. ಸುಳ್ಳು ಅಂದ್ಬಿಡು."

"ನಿಜ," ಎಂದಳು ವಿನ್ನಿ. "ಸಡಿಲ ಮಾಡಿದ್ದು ನಾನೇ."

ಹೋದ ಅಕ್ಟೋಬರಿನಿಂದ ಇವಳ ಭುಜ ತಬ್ಬಿ ಸಮಾಧಾನ ಹೇಳಿದ್ದೆ. ಇವಳ ಪೈ ತಿನ್ನುತ್ತ ಕೊಲೆಗಾರನನ್ನು ಹುಡುಕಿಯೇ ತೀರುತ್ತೇನೆ ಅಂದಿದ್ದೆ.

"ಅಕ್ಕ, ಆ ಬೆಂಕಿ ನನ್ನ ಮೇಲೆ ಹಾರಿಸ್ಬೇಕು ಅಂದ್ರೆ ಹಾರಿಸು. ನೀನು ಸತ್ತೆ ಅಂತ ತಿಳಿದ ದಿನದಿಂದ ನಾನೂ ಬದುಕಿಲ್ಲ. ಆದ್ರೆ ಒಂದು ಮಾತು ಕೇಳು." ವಿನ್ನಿ ಒಂದು ಹೆಜ್ಜೆ ಮುಂದಿಟ್ಟಳು. "ಅವತ್ತು ಆ ದೋಣಿ ಹತ್ಬೇಕಾಗಿದ್ದು ನೀನಲ್ಲ."

"ಏನಂದೆ?"

"ಈ ಗುಡಿಸಲಲ್ಲಿ ಒಣಗೋಕೆ ಇಟ್ಟಿದ್ದ ಚಿತ್ರ ತರೋಕೆ ಅವತ್ತು ಹೊರಟಿದ್ದು ಪ್ರೂಯಿಟ್. ಅವನ ದೋಣಿ ರಿಪೇರಿಗೆ ಹೋಗಿತ್ತು. ನಮ್ಮದನ್ನ ಕೇಳಿದ್ದ. ನೀನು ಪೇಟೆಗೆ ಹೋಗ್ತೀನಿ ಅಂದಿದ್ದೆ. ನಾನು ಮುಳುಗಿಸೋಕೆ ನೋಡಿದ್ದು ಅವನನ್ನ. ಯಾಕೆ ಅಂತ ಅವನನ್ನೇ ಕೇಳು. ನಿನ್ನ ಚಿತ್ರಗಳ ನಕಲು ಬರೆಸಿ ನಿನ್ನ ಹೆಸರಲ್ಲಿ ಎಷ್ಟು ಮಾರಿದ ಅಂತ ಕೇಳು!"

ಥಿಯಾಳ ಪಿಸ್ತೂಲಿನ ಬಾಯಿ ಮೆಲ್ಲಗೆ ನೆಲ ನೋಡಿತು. ಅವಳು ಎಲ್ಲೋ ದೂರದ್ದನ್ನು ನೆನಪಿಸಿಕೊಳ್ಳುವವಳಂತೆ ಕಣ್ಣು ಕಿರಿದು ಮಾಡಿದಳು. ಬಂಡೆ ನೋಡುವಾಗ, ತೆರೆ ನೋಡುವಾಗ ಹಾಗೆ ಮಾಡುತ್ತಿದ್ದಳು.

"ಅವನು ಹೊರಟಿದ್ದು ನಿಜ," ಎಂದಳು ಒಂದೊಂದೇ ಮಾತು ಹೊರಗೆ ತೆಗೆಯುತ್ತ. "ದೋಣಿ ಹತ್ರ ಹೋಗಿ, ಒಳಗೆ ಬಗ್ಗಿ ನೋಡಿ, ವಾಪಸ್ ಬಂದ. ಬಂದು ನನಗೆ ಹೇಳಿದ. 'ಇವತ್ತು ಬೆಳಕು ಅದ್ಭುತವಾಗಿದೆ ಥಿಯೋಡೋರಾ, ಪೇಟೆ ಎಲ್ಲಿ ಓಡಿಹೋಗುತ್ತೆ? ನೀವೇ ದಿಬ್ಬಕ್ಕೆ ಹೋಗಿ ಬನ್ನಿ' ಅಂದ."

ಮೂವರೂ ಒಂದೇ ಸಲ ಬಂಡೆಯ ಕಡೆ ತಿರುಗಿದೆವು.

ಬಂಡೆಯ ಮೇಲೆ ಯಾರೂ ಇರಲಿಲ್ಲ.

"ದೋಣಿ!" ಎಂದು ವಿನ್ನಿ ಚೀರಿದಳು. ಹಕ್ಕಿಗಳನ್ನು ತಳ್ಳಿಕೊಂಡು, ಜಾರುತ್ತ, ಬೀಳುತ್ತ ನೀರಿನ ಅಂಚಿಗೆ ಓಡಿದೆವು. ಎರಡು ದೋಣಿ ಕಟ್ಟಿದ್ದ ಜಾಗದಲ್ಲಿ ಕತ್ತರಿಸಿದ ಹಗ್ಗದ ತುಂಡೊಂದು ಅಲೆಗೆ ಏಳುತ್ತ ಬೀಳುತ್ತ ಇತ್ತು. ನಮ್ಮದನ್ನೂ ಅವನು ಎಳೆದುಕೊಂಡು ಹೋಗಿದ್ದ. ರೇಡಿಯೋ ಅದರಲ್ಲೇ ಇತ್ತು, ನನ್ನ ಫೋನಿಗೆ ಇಲ್ಲಿ ಸಿಗ್ನಲ್ ಇರಲಿಲ್ಲ. ಸೀಲ್‌ಗಳನ್ನು ಬೆದರಿಸಲೆಂದು ಅಪ್ಪನ ಕಾಲದಿಂದ ಇಟ್ಟ ಬಂದೂಕೂ ಅದರಲ್ಲೇ ಇದೆ ಎಂದು ವಿನ್ನಿ ಆಗ ಹೇಳಿದಳು.

ಮಂಜು ಪೂರ್ತಿ ಮುಚ್ಚಿತು. ಪಕ್ಕದಲ್ಲಿ ನಿಂತ ಥಿಯಾಳ ಮುಖವೂ ಮಸುಕು. ಪಿಸ್ತೂಲು ಎರಡೂ ಕೈಯಲ್ಲಿ ಹಿಡಿದು ನಿಂತೆ. ಗುರಿಯಿಡಲು ಏನೂ ಕಾಣಿಸುತ್ತಿರಲಿಲ್ಲ.

ಎಂಜಿನ್ ಸದ್ದು ಮಾತ್ರ ಕೇಳುತ್ತಿತ್ತು. ಊರಿನ ಕಡೆ ಓಡುತ್ತಾನೆ, ಕಾವಲಿನವರು ಹಿಡಿಯುತ್ತಾರೆ ಅಂದುಕೊಂಡು ಕಿವಿಗೊಟ್ಟು ಕಾದೆ.

ಸದ್ದು ದೂರ ಹೋಗಲಿಲ್ಲ. ಎಡದಿಂದ ಬಲಕ್ಕೆ ಬಂತು, ಬಲದಿಂದ ಬೆನ್ನ ಹಿಂದಕ್ಕೆ ಹೋಯಿತು. ಅವನು ದಿಬ್ಬವನ್ನು ಸುತ್ತುತ್ತಿದ್ದ.